ತ್ರಿಕರಣಶುದ್ಧಿಯೂ ಉದ್ಯೋಗಪರೀಕ್ಷೆಯೂ

ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಕಾಗಲನ್ನು ದಾಟಿ, ದೂಧಗಂಗೆಯ ಸೇತುವೆಯನ್ನು ಕಳೆದು, ಕರ್ನಾಟಕದ ಸೀಮೆಯೊಳಗೆ ಕಾಲಿಡುವ ಪಯಣಿಗನಿಗೆ ಮೊದಲು ಎದುರಾಗುವ ಊರು ಕೊಗನೊಳ್ಳಿ. ನಿಪ್ಪಾಣಿ ತಾಲೂಕಿಗೆ ಸೇರಿದ ಈ ಗ್ರಾಮದ ಹೆಸರನ್ನು ಹೊರಗಿನವರು ಬಲ್ಲುದು ಅಲ್ಲಿಯ ಟೋಲ್ ನಾಕೆಯಿಂದ. ಹಗಲೂ ರಾತ್ರಿಯೂ ವಾಹನಗಳು ಅಲ್ಲಿ ನಿಂತು ಮುಂದೆ ಸಾಗುವುವು. ೨೦೨೦-೨೧ರ ಮಹಾಮಾರಿಯ ಕಾಲದಲ್ಲಂತೂ ಮಹಾರಾಷ್ಟ್ರದಿಂದ ಬರುವವರನ್ನು ಇಲ್ಲಿಯೇ ತಡೆದು, ಪ್ರಮಾಣಪತ್ರವನ್ನು ನೋಡಿ, ಆ ಮೇಲೆ ಒಳಗೆ ಬಿಡುತ್ತಿದ್ದರು. ತಡೆಯುವುದು, ನೋಡುವುದು, ತಕ್ಕುದೆಂದು ಕಂಡುದನ್ನು ಬಿಡುವುದು, ಇದು ಈ ಊರಿನ ಮಕ್ಕಳಿಗೆ ದಿನನಿತ್ಯದ ನೋಟ. ಆದರೆ ಲಾರಿಯನ್ನು ಪರೀಕ್ಷಿಸುವುದು ಬೇರೆ, ಮನುಷ್ಯನನ್ನು ಪರೀಕ್ಷಿಸುವುದು ಬೇರೆ. ಲಾರಿಯಲ್ಲಿ ಏನು ತುಂಬಿದೆಯೋ ಅದು ಪರೀಕ್ಷೆಯ ಮೊದಲೂ ಅದೇ, ಅನಂತರವೂ ಅದೇ. ಮನುಷ್ಯನಾದರೋ ತನ್ನನ್ನು ಪರೀಕ್ಷಿಸುವರೆಂದು ತಿಳಿದ ಕ್ಷಣದಿಂದಲೇ ಬೇರೆಯಾಗತೊಡಗುವನು.

ಕನ್ನಡ ಮರಾಠಿಗಳೆರಡೂ ಬಳಕೆಯಲ್ಲಿರುವ ಈ ಸೀಮೆಯು ತಂಬಾಕಿಗೂ ಕಬ್ಬಿಗೂ ಹೆಸರಾದುದು. ಅದರಂತೆಯೇ ಸೈನ್ಯಕ್ಕೆ ಮಕ್ಕಳನ್ನು ಕೊಟ್ಟ ಸೀಮೆಯೂ ಹೌದು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿರುವುದರಿಂದ ಸಿಪಾಯಿಗಿರಿಯು ಇಲ್ಲಿಯ ಮನೆಗಳಿಗೆ ಅಪರಿಚಿತವಾದ ವೃತ್ತಿಯಲ್ಲ. ಸಿಪಾಯಿಯ ಭರತಿಗೆ ಹೋಗುವ ಹುಡುಗನು ಓಡುವನು, ಕಂದಕವನ್ನು ಜಿಗಿಯುವನು, ಕಂಬಿ ಹಿಡಿದು ಮೈಯೆತ್ತುವನು. ಗಡಿಯಾರವು ಅವನ ಪರವೂ ಅಲ್ಲ, ವಿರೋಧವೂ ಅಲ್ಲ. ಆದರೆ ಅದೇ ಮನೆಯ ಹುಡುಗನು ಓದಿ ಪದವೀಧರನಾಗಿ ಅಧಿಕಾರಿಯ ಹುದ್ದೆಯನ್ನು ಬಯಸಿದಾಗ ಅವನನ್ನು ಅಳೆಯುವ ಕೋಲು ಬೇರೆ. ಅಲ್ಲಿ ನೋಡುವುದು ಅವನು ಎಷ್ಟು ಬೇಗ ಓಡುವನೆಂಬುದನ್ನಲ್ಲ, ಅವನು ಎಂಥವನೆಂಬುದನ್ನು.

ಅಂತಹ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ತಂದೆಗೆ ಎರಡು ಎಕರೆ ಹೊಲ. ತಾಯಿ ನಿಪ್ಪಾಣಿಯ ತಂಬಾಕಿನ ವಖಾರಿಗೆ ಕೂಲಿಗೆ ಹೋಗುವವಳು. ಮಗನು ಕೇಂದ್ರ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿರುವನು. ಬೆಂಗಳೂರಿನ ಆಯ್ಕೆ ಮಂಡಳಿಯ ಮುಂದೆ ಹಾಜರಾಗಬೇಕೆಂಬ ಕರೆ ಬಂದಿದೆ. ಪುಣೆಯಲ್ಲಿ ನೌಕರಿಯಲ್ಲಿರುವ ಸೋದರಮಾವನು, ಇದಕ್ಕಾಗಿಯೇ ಕ್ಲಾಸುಗಳಿವೆ, ಯಾವ ಚಿತ್ರಕ್ಕೆ ಯಾವ ಕಥೆ, ಯಾವ ಶಬ್ದಕ್ಕೆ ಯಾವ ವಾಕ್ಯ, ಎಲ್ಲವನ್ನೂ ಕಲಿಸುವರು, ಹಣದ ಚಿಂತೆ ಬೇಡ ಎನ್ನುವನು. ತಾರುಣ್ಯದಲ್ಲಿ ಕುಸ್ತಿ ಹಿಡಿದ ಅಜ್ಜನು, ತಾಲೀಮಿಲ್ಲದೆ ಅಖಾಡಕ್ಕೆ ಇಳಿಯುವವನು ಮೂರ್ಖನು ಎಂದು ಅಳಿಯನ ಮಾತಿಗೆ ತಲೆದೂಗುವನು. ತಾಯಿಯೊಬ್ಬಳೇ ಕೇಳುವಳು: “ಅಲ್ಲೆ ಅವರು ಏನ್ ನೋಡ್ತಾರಪ್ಪಾ?”

“ನನ್ನ ಸ್ವಭಾವಾ ನೋಡ್ತಾರವ್ವಾ.”

“ಸ್ವಭಾವಾ ನೋಡವರಿಗೆ ಕ್ಲಾಸಿನಾಗ ಕಲ್ತದ್ದು ಯಾಕ ತೋರಸ್ತಿ?”

ಓದುಬರಹ ಬಾರದ ಆಕೆಯ ಬಾಯಿಂದ ಬಂದುದು ನೀತಿಶಾಸ್ತ್ರದ ಒಂದು ಕಠಿಣ ಪ್ರಶ್ನೆ. ತಾನು ಎಂಥವನೆಂಬುದನ್ನು ತಿಳಿಯಬಯಸುವ ಪರೀಕ್ಷೆಗೆ ಮನುಷ್ಯನು ಸಿದ್ಧತೆ ಮಾಡಿಕೊಳ್ಳುವುದು ಯುಕ್ತವೇ? ಯುಕ್ತವಾದರೆ ಎಷ್ಟರ ಮಟ್ಟಿಗೆ?

ಉತ್ತರಕ್ಕೆ ಮೊದಲು ಆ ಪರೀಕ್ಷೆಯ ಸ್ವರೂಪವನ್ನು ಅರಿಯುವುದು ಅವಶ್ಯ. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಸೇನೆಯ ಆಯ್ಕೆ ಕೇಂದ್ರವಿದೆ. ಪ್ರಯಾಗರಾಜ, ಭೋಪಾಲಗಳಲ್ಲಿಯೂ ಇಂತಹವು ಇವೆ. ಸರ್ವಿಸಸ್ ಸೆಲೆಕ್ಷನ್ ಬೋರ್ಡ್ ಎಂಬ ಈ ಮಂಡಳಿಗಳಲ್ಲಿ ನಡೆದುಬಂದ ಪದ್ಧತಿಯು ಐದು ದಿನಗಳದು. ಮೊದಲ ದಿನವೇ ಅನೇಕರನ್ನು ಹಿಂದಕ್ಕೆ ಕಳುಹಿಸುವರು. ಉಳಿದವನು ಎದೆಯ ಮೇಲೆ ಒಂದು ಅಂಕಿಯನ್ನು ಧರಿಸಬೇಕು. ಅಲ್ಲಿಂದ ಮುಂದೆ ಅವನು ಇಂಥವರ ಮಗನಲ್ಲ, ಇಂಥ ಊರಿನವನಲ್ಲ, ಆ ಅಂಕಿ ಮಾತ್ರ. ಎರಡನೆಯ ದಿನ ಮನಶ್ಶಾಸ್ತ್ರದ ಪರೀಕ್ಷೆಗಳು. ಒಂದು ಚಿತ್ರವನ್ನು ೩೦ ಸೆಕೆಂಡುಗಳ ಕಾಲ ತೋರಿಸಿ ತೆಗೆದುಬಿಡುವರು. ೪ ನಿಮಿಷಗಳಲ್ಲಿ ಅದರ ಮೇಲೆ ಒಂದು ಕಥೆಯನ್ನು ಬರೆಯಬೇಕು. ಹೀಗೆ ೧೨ ಬಾರಿ. ಕೊನೆಯದರಲ್ಲಿ ಚಿತ್ರವೇ ಇಲ್ಲ, ಬರಿಯ ಬಿಳಿಯ ಹಾಳೆ. ಆ ಮೇಲೆ ೬೦ ಶಬ್ದಗಳು, ಒಂದೊಂದಕ್ಕೆ ೧೫ ಸೆಕೆಂಡು. ಶಬ್ದವನ್ನು ಕಂಡೊಡನೆ ಮನಸ್ಸಿಗೆ ಹೊಳೆದುದನ್ನು ವಾಕ್ಯವಾಗಿ ಬರೆಯಬೇಕು. ಇನ್ನು ೬೦ ಸನ್ನಿವೇಶಗಳು ೩೦ ನಿಮಿಷಗಳಲ್ಲಿ. ಕೊನೆಗೆ, ತಂದೆತಾಯಿಗಳು ನಿನ್ನನ್ನು ಏನೆಂದು ತಿಳಿದಿರುವರು, ಗುರುಗಳು ಏನೆನ್ನುವರು, ಗೆಳೆಯರು ಏನೆನ್ನುವರು, ನೀನು ನಿನ್ನನ್ನು ಏನೆಂದು ಬಲ್ಲೆ ಎಂಬುದನ್ನು ಬರೆದುಕೊಡಬೇಕು. ಇದಕ್ಕೆ ಕೊಡುವ ಕಾಲ ೧೫ ನಿಮಿಷ! ಉಪನಿಷತ್ಕಾಲದ ಋಷಿಗಳು ಇದಕ್ಕಾಗಿಯೇ ಆಯುಷ್ಯವನ್ನು ಕಳೆದರು.

ಮುಂದಿನ ಎರಡು ದಿನಗಳು ಬಹುಮಟ್ಟಿಗೆ ಬಯಲಿನಲ್ಲಿ. ಹಗ್ಗ, ಹಲಗೆ, ಮರದ ಕಂಬಗಳನ್ನು ಕೊಟ್ಟು, ನೆಲವನ್ನು ಮುಟ್ಟದೆ ಭಾರವೊಂದನ್ನು ಆಚೆಗೆ ಸಾಗಿಸಿರೆಂದು ಒಂದು ಗುಂಪಿಗೆ ಹೇಳಿ ಅಧಿಕಾರಿಯು ಸುಮ್ಮನೆ ನಿಲ್ಲುವನು. ನಾಯಕನನ್ನು ಯಾರೂ ನೇಮಿಸುವುದಿಲ್ಲ. ಯಾರು ಮೊದಲು ಮಾತನಾಡುವನು, ಯಾರು ಇನ್ನೊಬ್ಬನ ಮಾತನ್ನು ಕೇಳುವನು, ಉಪಾಯ ಕೆಟ್ಟಾಗ ಯಾರ ಮುಖ ಕಪ್ಪಿಡುವುದು, ಹಲಗೆಯ ಭಾರವಾದ ತುದಿಯು ಯಾರ ಹೆಗಲಿಗೆ ಬರುವುದು, ಇವೆಲ್ಲವೂ ಆ ಮೌನಿಯ ಕಣ್ಣಿಗೆ ಬೀಳುವುವು. ಈ ನಡುವೆ ಹಿರಿಯ ಅಧಿಕಾರಿಯೊಬ್ಬನು ಒಬ್ಬೊಬ್ಬನನ್ನೇ ಕರೆದು ದೀರ್ಘವಾಗಿ ಮಾತನಾಡಿಸುವನು. ಐದನೆಯ ದಿನ ಎಲ್ಲ ಪರೀಕ್ಷಕರೂ ಒಂದೆಡೆ ಕೂಡುವರು. ಅಲ್ಲಿಯ ವರೆಗೆ ಒಬ್ಬನ ಅಭಿಪ್ರಾಯವನ್ನು ಇನ್ನೊಬ್ಬನು ಅರಿತಿರಬಾರದೆಂಬುದು ಕಟ್ಟಳೆ.

ಈ ಮೂವರ ಕೆಲಸವನ್ನು ವಿವರಿಸುವಾಗ ಸೇನೆಯವರು ಬಳಸುವ ಮಾತು ಆಂಗ್ಲಭಾಷೆಯದಲ್ಲ ಎಂಬುದು ಸ್ವಾರಸ್ಯದ ಸಂಗತಿ. ಮನಸಾ, ವಾಚಾ, ಕರ್ಮಣಾ ಎನ್ನುವರು. ಬರೆಯಿಸಿ ನೋಡುವ ಮನಶ್ಶಾಸ್ತ್ರಜ್ಞನದು ಮನಸ್ಸು, ಮಾತನಾಡಿಸುವವನದು ವಾಕ್ಕು, ಬಯಲಿನಲ್ಲಿ ನಿಂತವನದು ಕರ್ಮ. ಮೂರೂ ಒಂದೇ ಮನುಷ್ಯನನ್ನು ತೋರಿಸಿದರೆ ಉಮೇದುವಾರನು ಸಲ್ಲುವನು. ಕನ್ನಡಿಗರು ಸಂಕಲ್ಪದಲ್ಲಿ, ಪೂಜೆಯಲ್ಲಿ, ಬೈಯುವಾಗಲೂ ಹೊಗಳುವಾಗಲೂ ಬಳಸುವ ತ್ರಿಕರಣಶುದ್ಧಿ ಎಂಬ ಹಳೆಯ ಮಾತು ಹೀಗೆ ಸೇನೆಯ ಕಚೇರಿಯಲ್ಲಿ ಒಂದು ಅಳತೆಗೋಲಾಗಿ ಕುಳಿತಿದೆ.

ಈ ಪದ್ಧತಿ ಹುಟ್ಟಿದುದೇಕೆ? ಮೊದಲನೆಯ ಮಹಾಯುದ್ಧದ ಅನಂತರ ಜರ್ಮನಿಯ ಸೇನೆಯಲ್ಲಿ ಮನಶ್ಶಾಸ್ತ್ರಜ್ಞರು ಅಧಿಕಾರಿಗಳ ಆಯ್ಕೆಗೆ ಕೈಹಾಕಿದರು. ಇಂಗ್ಲೆಂಡಿನಲ್ಲಿ ಬಹುಕಾಲದಿಂದ ನಡೆದುಬಂದಿದ್ದುದು ಸ್ವಲ್ಪ ಹೊತ್ತಿನ ಸಂದರ್ಶನ. ಯಾವ ಶಾಲೆ, ಯಾವ ಮನೆತನ, ಮಾತಿನ ಧಾಟಿ ಎಂತಹುದು, ಇಷ್ಟನ್ನು ನೋಡಿ ಆರಿಸುತ್ತಿದ್ದರು. ಯುದ್ಧ ಬಲಿತಂತೆ ಹೀಗೆ ಆರಿಸಿದವರಲ್ಲಿ ಹಲವರು ತರಬೇತಿಯಲ್ಲೇ ನಿಲ್ಲಲಾರದೆ ಹೋದರು. ಆಗ ೧೯೪೨ರಲ್ಲಿ ಎಡಿನ್‌ಬರೋದಲ್ಲಿ ಹೊಸ ರೀತಿಯ ಮಂಡಳಿ ಆರಂಭವಾಯಿತು. ನಾಯಕನಿಲ್ಲದ ಗುಂಪಿಗೆ ಕೆಲಸ ಕೊಟ್ಟು ನೋಡುವ ಉಪಾಯವು ವಿಲ್‌ಫ್ರೆಡ್ ಬಯನ್ ಎಂಬ ವೈದ್ಯನದು. ಮರುವರ್ಷವೇ, ಎಂದರೆ ೧೯೪೩ರಲ್ಲಿ, ಡೆಹರಾಡೂನಿನಲ್ಲಿ ಪ್ರಾಯೋಗಿಕವಾಗಿ ಇಂತಹ ಮಂಡಳಿಯು ಸ್ಥಾಪಿತವಾಗಿ ಭಾರತಕ್ಕೂ ಬಂದಿತು. ಅಮೆರಿಕೆಯ ದೊಡ್ಡ ಟೆಲಿಫೋನ್ ಕಂಪನಿಯೊಂದು ೧೯೫೬ರಲ್ಲಿ ತನ್ನ ತರುಣ ನೌಕರರನ್ನು ಇದೇ ರೀತಿಯಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಅವರ ಮೇಲಧಿಕಾರಿಗಳಿಗೂ ತೋರಿಸದೆ ಮುಚ್ಚಿಟ್ಟು, ವರ್ಷಗಳು ಕಳೆದ ಮೇಲೆ ಅವರವರ ಏಳಿಗೆಯೊಡನೆ ಹೋಲಿಸಿ ನೋಡಿತು. ಪರೀಕ್ಷಕರ ಊಹೆ ಬಹುಮಟ್ಟಿಗೆ ನಿಜವಾಗಿತ್ತು. ಅಂದಿನಿಂದ ಅಸೆಸ್‌ಮೆಂಟ್ ಸೆಂಟರ್ ಎಂಬ ಹೆಸರಿನಿಂದ ಇದು ಉದ್ಯಮಗಳಲ್ಲಿಯೂ ಹರಡಿದೆ. ಬೆಂಗಳೂರು ಪುಣೆಗಳ ದೊಡ್ಡ ಕಂಪನಿಗಳಿಗೆ ಹೋಗುವ ಹುಡುಗ ಹುಡುಗಿಯರೂ ಗುಂಪುಚರ್ಚೆಯ ಮೇಜಿನ ಸುತ್ತ ಕುಳಿತು ಇದರ ರುಚಿಯನ್ನು ಕಂಡಿರುವರು.

ಈ ಚರಿತ್ರೆಯಲ್ಲಿ ಗಮನಿಸತಕ್ಕ ಅಂಶ ಒಂದಿದೆ. ಮನೆತನ, ಮಾತಿನ ಮೆರುಗು, ಉಡುಪಿನ ಠೀವಿ, ಇವುಗಳ ಆಚೆಗೆ ಮನುಷ್ಯನನ್ನು ಕಾಣಬೇಕೆಂಬುದೇ ಈ ಪದ್ಧತಿಯ ಜನ್ಮಹೇತು. ಕೂಲಿಯವನ ಮಗನಿಗೂ ಸರದಾರನ ಮಗನಿಗೂ ಒಂದೇ ಹಗ್ಗ, ಒಂದೇ ಹಲಗೆ. ಈಗ ಹಣ ಕೊಟ್ಟು ಕೊಳ್ಳಬಹುದಾದ ಮೆರುಗೊಂದು ಬಂದು, ಮುಂಬಾಗಿಲಿನಿಂದ ಹೊರಹಾಕಿದ ವೈಷಮ್ಯವನ್ನು ಹಿಂಬಾಗಿಲಿನಿಂದ ಕರೆತರುತ್ತಿದೆ.

ಅಜ್ಜನ ವಾದವನ್ನು ಮೊದಲು ಪರಿಶೀಲಿಸಬೇಕು. ಏಕೆಂದರೆ ಅದು ಹಗುರವಾದುದಲ್ಲ. ಕೊಲ್ಲಾಪುರದ ಖಾಸಬಾಗ ಮೈದಾನದಲ್ಲಿ ಇಳಿಯಲಿರುವ ಮಲ್ಲನು ತಿಂಗಳುಗಟ್ಟಲೆ ದಂಡ ಬೈಠಕಗಳನ್ನು ಹೊಡೆಯುವನು, ಹಾಲು ತುಪ್ಪ ಬಾದಾಮಿಗಳನ್ನು ಸೇವಿಸುವನು, ಗುರುವಿನಿಂದ ಪಟ್ಟುಗಳನ್ನು ಕಲಿಯುವನು. ಅವನು ಎದುರಾಳಿಗೆ ಮೋಸ ಮಾಡಿದನೆಂದು ಯಾರೂ ಹೇಳರು. ಹಾಗಿರಲು ಶೀಲಕ್ಕೂ ತಾಲೀಮು ಏಕಿರಬಾರದು? ಇದಕ್ಕೆ ಸಮಾಧಾನವು ಹೀಗೆ. ಮಲ್ಲನು ತಾಲೀಮಿನಲ್ಲಿ ಬೆಳೆಸಿದುದೂ ಅಖಾಡದಲ್ಲಿ ಪರೀಕ್ಷೆಗೊಳಗಾಗುವುದೂ ಒಂದೇ ವಸ್ತು, ಬಲ. ತೋಳು ದಪ್ಪವಾಗಿ ಕಾಣುವಂತೆ ಅಂಗಿಯೊಳಗೆ ಹತ್ತಿಯನ್ನು ತುಂಬಿಕೊಂಡು ಬಂದ ಮಲ್ಲನನ್ನು ಯಾರೂ ಕಂಡಿಲ್ಲ, ಕಂಡಿದ್ದರೆ ನಕ್ಕುಬಿಡುತ್ತಿದ್ದರು. ಕ್ಲಾಸಿನಲ್ಲಿ ಕಲಿಸುವುದು ಬಹುಮಟ್ಟಿಗೆ ಈ ಹತ್ತಿಯ ವಿದ್ಯೆ. ಧೈರ್ಯವನ್ನು ಅಲ್ಲಿ ಕಲಿಸುವುದಿಲ್ಲ, ಧೈರ್ಯವುಳ್ಳವನು ಎಂತಹ ವಾಕ್ಯವನ್ನು ಬರೆಯುವನೆಂಬುದನ್ನು ಕಲಿಸುವರು. ಸೋಲು ಎಂಬ ಶಬ್ದ ಕಂಡರೆ ಇದನ್ನು ಬರೆ, ಭಯವೆಂಬ ಶಬ್ದ ಕಂಡರೆ ಅದನ್ನು ಬರೆ ಎಂದು ಪಟ್ಟಿಯಿದೆ. ಚಿತ್ರದ ಕಥೆಗಳಲ್ಲಿ ಬರುವ ನಾಯಕನಂತೂ ಊರಿಗೆ ಕೆರೆ ತೋಡಿಸುವನು, ಬೆಂಕಿಯೊಳಗಿಂದ ಮಗುವನ್ನು ಎತ್ತಿ ತರುವನು, ಸಂಜೆಗೆ ರಕ್ತದಾನ ಮಾಡುವನು. ನೂರು ಕೈಗಳಿಂದ ಇದೊಬ್ಬನೇ ಮಹಾತ್ಮನ ಚರಿತ್ರೆಯನ್ನು ಓದುವ ಪರೀಕ್ಷಕನ ತಾಳ್ಮೆಯನ್ನು ನೆನೆದರೆ ಅವನೇ ಪರೀಕ್ಷೆಗೆ ಒಳಗಾದವನೇನೋ ಎನಿಸುವುದು.

ಪೂರ್ವಪಕ್ಷವು ಇಲ್ಲಿಗೆ ಮುಗಿಯದು. ತೋರಿಕೆಗಾಗಿ ಮಾಡಿದುದೇ ಕಾಲಕ್ರಮದಲ್ಲಿ ಸ್ವಭಾವವಾಗಲಾರದೇ ಎಂದು ಕೇಳಬಹುದು. ಮಗುವಿಗೆ ಮೊದಲು ನಮಸ್ಕಾರವನ್ನು ಕಲಿಸುವರು, ಗೌರವವು ಅನಂತರ ಹುಟ್ಟುವುದು. ನ್ಯಾಯದ ಕಾರ್ಯಗಳನ್ನು ಮಾಡುತ್ತ ಮಾಡುತ್ತ ಮನುಷ್ಯನು ನ್ಯಾಯಶೀಲನಾಗುವನೆಂದು ಗ್ರೀಸಿನ ಅರಿಸ್ಟಾಟಲನೂ ಹೇಳಿರುವನು. ಇದು ನಿಜ. ಆದರೆ ಪತಂಜಲಿಯು ಅಭ್ಯಾಸಕ್ಕೆ ದೀರ್ಘಕಾಲ, ನಿರಂತರತೆ, ಆದರ ಎಂಬ ಮೂರನ್ನು ವಿಧಿಸಿರುವನಲ್ಲವೇ? ಕರೆಪತ್ರಕ್ಕೂ ಪರೀಕ್ಷೆಗೂ ನಡುವೆ ಇರುವುದು ಕೆಲವು ವಾರಗಳು. ಯುದ್ಧಕಾಲೇ ಶಸ್ತ್ರಾಭ್ಯಾಸಃ ಎಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುವುದು. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ನಮಸ್ಕಾರವನ್ನು ಕಲಿಯುವ ಮಗು ನಿಜವಾಗಿಯೂ ಬಾಗುವುದು. ಬಾಯಾರಿದವನಿಗೆ ನೀರು ಕೊಡುವುದನ್ನು ರೂಢಿಸಿಕೊಂಡವನ ಕೈಯಲ್ಲಿ ನಿಜವಾಗಿಯೂ ತಂಬಿಗೆಯಿರುವುದು. ನೀರು ಕೊಟ್ಟೆನೆಂಬ ವಾಕ್ಯವನ್ನು ಸಾವಿರ ಸಲ ಬರೆದವನಿಗೆ ಬರುವುದು ಬರವಣಿಗೆಯ ವೇಗವೇ ಹೊರತು ದಾನದ ಸ್ವಭಾವವಲ್ಲ.

ಆದರೂ ಎಲ್ಲ ಸಿದ್ಧತೆಯನ್ನೂ ವೇಷವೆಂದು ತಳ್ಳಿಬಿಡುವುದು ಅನ್ಯಾಯ. ಆ ತರುಣನು ನೌಕರಿಯ ಆಸೆಯಿಂದಲೇ ಬೆಳಿಗ್ಗೆ ಐದಕ್ಕೆ ಎದ್ದು ಓಡತೊಡಗಿದರೆ, ದಿನಪತ್ರಿಕೆಯನ್ನು ಓದತೊಡಗಿದರೆ, ಮಾತಿನ ಮಧ್ಯೆ ಬಾಯಿಹಾಕುವ ಚಟವನ್ನು ಬಿಟ್ಟು ತಮ್ಮನ ಮಾತನ್ನು ಕೊನೆಯ ತನಕ ಕೇಳತೊಡಗಿದರೆ, ಪ್ರೇರಣೆಯು ಸಣ್ಣದಾದರೂ ಫಲವು ಅವನದೇ. ಭಾಷೆಯ ಮಾತಂತೂ ಬೇರೆ. ಮಂಡಳಿಯಲ್ಲಿ ಇಂಗ್ಲಿಷ್ ಇಲ್ಲವೆ ಹಿಂದಿಯಲ್ಲಿ ವ್ಯವಹರಿಸಬೇಕು. ಗಡಿಯ ಹುಡುಗನಿಗೆ ಕನ್ನಡ ಮರಾಠಿಗಳೆರಡೂ ಬಂದರೂ ಅಲ್ಲಿ ಅವು ಉಪಯೋಗಕ್ಕೆ ಬಾರವು. ಗುಂಪಿನ ಮುಂದೆ ನಿಂತು ಮೂರು ನಿಮಿಷ ಮಾತನಾಡಬೇಕಾದಾಗ ಅವನ ನಾಲಗೆ ತಡವರಿಸಿದರೆ ಪರೀಕ್ಷಕನು ಅದನ್ನು ಅಂಜುಬುರುಕುತನವೆಂದು ಎಣಿಸಬಹುದು. ನಿಜವಾಗಿ ಅದು ಶಬ್ದದಾರಿದ್ರ್ಯ ಮಾತ್ರ. ಆದುದರಿಂದ ಭಾಷೆಯನ್ನು ರೂಢಿಸಿಕೊಳ್ಳುವುದು ಕನ್ನಡಿಯ ಮೇಲಿನ ಧೂಳನ್ನು ಒರೆಸಿದಂತೆ. ನಾಲ್ಕು ಜನ ಗೆಳೆಯರನ್ನು ಕೂಡಿಸಿಕೊಂಡು ಶಾಲೆಯ ಅಂಗಳದಲ್ಲಿ ಒಂದೊಂದು ವಿಷಯದ ಮೇಲೆ ಮಾತನಾಡಿದರೆ ಅದಕ್ಕೆ ಸಾಕು. ಪರೀಕ್ಷೆಯ ಕ್ರಮವನ್ನು ಮೊದಲೇ ತಿಳಿದುಕೊಳ್ಳುವುದರಲ್ಲಿಯೂ ತಪ್ಪಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಎಡವುವುದು ಯಾವ ಗುಣಕ್ಕೂ ಸಾಕ್ಷಿಯಲ್ಲ.

ಹಾಗಾದರೆ ಗೆರೆ ಎಲ್ಲಿ? ಸಿದ್ಧತೆಗಾಗಿ ಮಾಡಿದುದನ್ನು ಪರೀಕ್ಷಕನ ಮುಂದೆಯೇ ಬಾಯಿಬಿಟ್ಟು ಹೇಳಲು ಸಾಧ್ಯವೇ ಎಂದು ಉಮೇದುವಾರನು ತನ್ನನ್ನು ಕೇಳಿಕೊಳ್ಳಬಹುದು. ಎರಡು ತಿಂಗಳಿನಿಂದ ಓಡುತ್ತಿರುವೆನೆಂದು ಹೇಳಬಹುದು. ಇಂಗ್ಲಿಷ್ ಬಾರದೆಂದು ದಿನವೂ ಗಟ್ಟಿಯಾಗಿ ಓದಿದೆನೆಂದು ಹೇಳಬಹುದು. ಕೇಳಿದವನು ಮೆಚ್ಚುವನು ಕೂಡ. ಈ ಕಥೆಯನ್ನು ಮನೆಯಿಂದಲೇ ಬಾಯಿಪಾಠ ಮಾಡಿಕೊಂಡು ಬಂದೆನೆಂದು ಹೇಳಲಾಗದು. ಹೇಳಲಾಗದುದನ್ನು ಮುಚ್ಚಿಡಬೇಕು, ಮುಚ್ಚಿಟ್ಟುದನ್ನು ಐದು ದಿನ ಕಾಯಬೇಕು. ಮನಸ್ಸು ವಾಕ್ಕು ಕರ್ಮಗಳೆಂಬ ಮೂರು ಬಾಗಿಲುಗಳಿಗೆ ಒಬ್ಬನೇ ಕಾವಲುಗಾರನು. ಒಂದನ್ನು ಕಾಯುವಾಗ ಇನ್ನೊಂದು ತೆರೆದುಕೊಳ್ಳುವುದು. ಬರಹದಲ್ಲಿ ಕೆರೆ ತೋಡಿಸಿದ ಮಹಾತ್ಮನು ಬಯಲಿನಲ್ಲಿ ಹಲಗೆಯ ಹಗುರವಾದ ತುದಿಯನ್ನು ಆರಿಸಿಕೊಳ್ಳುವುದು ಹೀಗೆ.

ಭಾರತದಲ್ಲಿ ದ್ರೋಣನು ನಡೆಸಿದ ಪರೀಕ್ಷೆಯನ್ನು ಎಲ್ಲರೂ ಬಲ್ಲರು. ಮರದ ಮೇಲೆ ಕೃತಕ ಪಕ್ಷಿಯೊಂದನ್ನು ಇರಿಸಿ, ಏನು ಕಾಣುತ್ತಿರುವೆಯೆಂದು ಶಿಷ್ಯರನ್ನು ಒಬ್ಬೊಬ್ಬರಾಗಿ ಕೇಳಿದನು. ಮರ, ಪಕ್ಷಿ, ಸೋದರರು, ಗುರು ಎಲ್ಲವೂ ಕಾಣುತ್ತಿವೆಯೆಂದ ಯುಧಿಷ್ಠಿರನನ್ನು ಸರಿಯೆಂದನು. ಆ ಮೇಲೆ ಬಂದವರೂ ಹಾಗೆಯೇ ಹೇಳಿದರು, ಹಾಗೆಯೇ ಸರಿದರು. ಅರ್ಜುನನೊಬ್ಬನು ಪಕ್ಷಿಯ ತಲೆಯನ್ನಲ್ಲದೆ ಬೇರೇನನ್ನೂ ಕಾಣೆನೆಂದನು. ಇಲ್ಲಿ ಆಶ್ಚರ್ಯದ ಸಂಗತಿಯೆಂದರೆ, ಅಣ್ಣನ ಉತ್ತರವು ಸಲ್ಲಲಿಲ್ಲವೆಂದು ಕಂಡ ಮೇಲೂ ಉಳಿದವರಾರೂ ಬೇರೆ ಉತ್ತರವನ್ನು ಹೊಸೆಯದೆ ತಮಗೆ ಕಂಡುದನ್ನೇ ಹೇಳಿದುದು. ದುರ್ಯೋಧನಾದಿಗಳೂ ಆ ಹೊತ್ತಿಗೆ ಸತ್ಯವನ್ನೇ ನುಡಿದರು! ಅವರಿಗೆ ಒಬ್ಬ ಕ್ಲಾಸಿನ ಗುರುವು ದೊರೆತಿದ್ದರೆ ನೂರ ಐದು ಜನರೂ ಪಕ್ಷಿಯ ತಲೆಯನ್ನೇ ಕಾಣುತ್ತಿದ್ದರು. ಆದರೆ ಮಾತಿನ ಹಿಂದೆಯೇ ಬಾಣ ಬಿಡೆಂಬ ಆಜ್ಞೆ ಇತ್ತೆಂಬುದನ್ನು ಮರೆಯಬಾರದು.

ಮಂಡಳಿಗೆ ಮೋಸವಾಗುವುದೇ ಈ ವಿಷಯದಲ್ಲಿ ಮುಖ್ಯವಾದ ದೋಷವೆಂದು ತಿಳಿಯಬೇಕಾಗಿಲ್ಲ. ಮಂಡಳಿಯು ತನ್ನನ್ನು ತಾನು ಕಾಪಾಡಿಕೊಳ್ಳಬಲ್ಲುದು. ಕೇಡು ತಟ್ಟುವುದು ಆ ಹುಡುಗನಿಗೆ. ಮಂಡಳಿಯವರು ಮೊದಲು ತುಂಬಿಸಿಕೊಳ್ಳುವ ಪತ್ರಕವೊಂದಿದೆ. ಅದರಲ್ಲಿ ತಂದೆತಾಯಿಗಳ ಉದ್ಯೋಗವೇನು, ವಿದ್ಯೆ ಎಷ್ಟು, ಆದಾಯವೆಷ್ಟು ಎಂಬ ಅಂಕಣಗಳಿವೆ. ತಾಯಿಯ ಹೆಸರಿನ ಮುಂದೆ ಏನನ್ನು ಬರೆಯಬೇಕು? ವಖಾರಿಯಲ್ಲಿ ಕೂಲಿ ಎಂದು ಬರೆಯಲು ಲೇಖನಿ ತಡೆಯುವುದು. ಗೃಹಕೃತ್ಯವೆಂದು ಬರೆದರೆ ಯಾರಿಗೆ ತಿಳಿದೀತು ಎಂಬ ಸಲಹೆಯು ಕಿವಿಗೆ ಬೀಳುವುದು. ಅಷ್ಟರಲ್ಲಿ ಸಂಜೆಯಾಗಿ, ಮೂಗಿನೊಳಗೂ ಸೆರಗಿನಲ್ಲಿಯೂ ತಂಬಾಕಿನ ಧೂಳನ್ನು ಹೊತ್ತು ಆಕೆ ಬಾಗಿಲಿಗೆ ಬರುವಳು. ಮಗನು ಕಾಗದವನ್ನು ಮಡಿಸಿಟ್ಟರೆ, ಆ ಕ್ಷಣದಲ್ಲಿ ಅವನು ಕಳೆದುಕೊಂಡುದನ್ನು ಯಾವ ಹುದ್ದೆಯೂ ತುಂಬಿಕೊಡಲಾರದು.

ಛಾಂದೋಗ್ಯದಲ್ಲಿ ಸತ್ಯಕಾಮನೆಂಬ ಬಾಲಕನಿಗೂ ಇಂತಹದೇ ಒಂದು ಅಂಕಣವನ್ನು ತುಂಬಬೇಕಾಯಿತು. ಬ್ರಹ್ಮಚರ್ಯಕ್ಕೆ ಹೊರಟವನು ತಾಯಿ ಜಬಾಲೆಯನ್ನು ತನ್ನ ಗೋತ್ರವಾವುದೆಂದು ಕೇಳಿದನು. ತಾರುಣ್ಯದಲ್ಲಿ ಹಲವೆಡೆ ಪರಿಚಾರಿಕೆಯಾಗಿ ಓಡಾಡುತ್ತಿದ್ದಾಗ ನಿನ್ನನ್ನು ಪಡೆದೆನು, ಗೋತ್ರವನ್ನು ಅರಿಯೆನು. ನಾನು ಜಬಾಲೆ, ನೀನು ಸತ್ಯಕಾಮ, ಜಾಬಾಲನೆಂದೇ ಹೇಳು ಎಂದಳು. ಪರೀಕ್ಷೆಗೆ ಮಗನನ್ನು ಸಿದ್ಧಗೊಳಿಸಿದ ತಾಯಂದಿರಲ್ಲಿ ಈಕೆಗೆ ಸಮಾನಳಾದವಳು ವಿರಳ. ಊರಿನಲ್ಲಿ ಗೋತ್ರಗಳಿಗೆ ಬರವಿರಲಿಲ್ಲ. ಒಂದನ್ನು ಹೇಳಿಕೊಟ್ಟು ಕಳುಹಿಸಬಹುದಾಗಿತ್ತು. ಬಾಲಕನು ಹಾರಿದ್ರುಮತ ಗೌತಮನ ಮುಂದೆ ನಿಂತು ತಾಯಿ ಹೇಳಿದುದನ್ನು ಒಂದಕ್ಷರವೂ ಬಿಡದೆ ಒಪ್ಪಿಸಿದನು. ಗುರುವು ಅವನು ಸತ್ಯದಿಂದ ಸರಿಯಲಿಲ್ಲವೆಂಬುದನ್ನೇ ಕುಲಕ್ಕೆ ಸಾಕ್ಷಿಯಾಗಿ ಹಿಡಿದು ಸಮಿತ್ತನ್ನು ತಾರೆಂದನು. ಮೊದಲು ಕೊಟ್ಟ ಕೆಲಸ ವೇದಪಾಠವಲ್ಲ, ನಾನೂರು ಬಡಕಲು ಗೋವುಗಳನ್ನು ಕಾಯುವುದು; ಸಾವಿರವಾದ ಹೊರತು ಮರಳೆನೆಂದು ಬಾಲಕನು ಹೊರಟನು. ಗೌತಮನಂತಹ ಪರೀಕ್ಷಕನು ಎಲ್ಲೆಡೆಯಲ್ಲಿಯೂ ಸಿಕ್ಕುವನೆಂದು ಭರವಸೆ ಕೊಡುವಂತಿಲ್ಲ. ಸತ್ಯವನ್ನು ನುಡಿದ ಜಾಬಾಲನನ್ನು ಮರಳಿ ಕಳುಹಿಸಿದ ಗುರುಗಳೂ ಇದ್ದಿರಬಹುದು. ಅವರ ಕಥೆಯನ್ನು ಉಪನಿಷತ್ತು ಹೇಳಲು ಹೋಗಿಲ್ಲ.

ಪರೀಕ್ಷಿಸುವವರಿಗೂ ಧರ್ಮವೆಂಬುದುಂಟು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಮಾತ್ಯರ ಶೀಲಪರೀಕ್ಷೆಗೆಂದು ಒಂದು ಪ್ರಕರಣವೇ ಇದೆ. ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಉಪಧೆಗಳಿಂದ, ಎಂದರೆ ಗುಪ್ತವಾಗಿ ಒಡ್ಡಿದ ಪ್ರಲೋಭನೆಗಳಿಂದ, ಅವರನ್ನು ಶೋಧಿಸತಕ್ಕುದು. ಧರ್ಮದಲ್ಲಿ ಶುದ್ಧನಾದವನನ್ನು ನ್ಯಾಯಸ್ಥಾನಕ್ಕೂ, ಅರ್ಥದಲ್ಲಿ ಶುದ್ಧನಾದವನನ್ನು ಬೊಕ್ಕಸಕ್ಕೂ, ಭಯದಲ್ಲಿ ಶುದ್ಧನಾದವನನ್ನು ಅರಸನ ಸಮೀಪದ ಕಾರ್ಯಕ್ಕೂ ನೇಮಿಸಬೇಕೆಂದು ಪೂರ್ವಾಚಾರ್ಯರ ಮತ. ಎಲ್ಲದರಲ್ಲಿಯೂ ಜಾರಿದವನನ್ನೂ ಹೊರಗೆ ತಳ್ಳಿಲ್ಲ. ಗಣಿ, ಕಾಡು, ಆನೆಗಳ ವನ ಮುಂತಾದ ಕಡೆಗೆ ಕಳುಹಿಸುವುದೆಂದಿದೆ. ಇಷ್ಟನ್ನು ಹೇಳಿದ ಬಳಿಕ ಕೌಟಿಲ್ಯನು ತನ್ನ ಮತವನ್ನು ಬೇರೆಯಾಗಿ ತಿಳಿಸುವನು: ಕೆಡದವನನ್ನು ಪರೀಕ್ಷೆಯ ನೆಪದಿಂದ ಕೆಡಿಸಬಾರದು, ಅದು ನಿರ್ಮಲವಾದ ನೀರಿಗೆ ವಿಷವನ್ನು ಬೆರೆಸಿದಂತೆ, ಒಮ್ಮೆ ಕದಡಿದ ಮನಸ್ಸು ಮರಳಿ ತಿಳಿಯಾದೀತೆಂಬ ನೆಚ್ಚಿಗೆಯಿಲ್ಲ. ಕುಟಿಲನೆಂದು ಹೆಸರಾದವನ ಬಾಯಿಂದ ಬಂದ ಈ ಎಚ್ಚರಿಕೆಯು ಇಂದಿಗೂ ಸಲ್ಲತಕ್ಕುದು. ಐದು ದಿನಗಳ ಈ ಪರೀಕ್ಷೆಯಲ್ಲಿ ಪ್ರಲೋಭನೆಯೇನೂ ಇಲ್ಲ. ಆದರೂ ಏನನ್ನು ಹುಡುಕುತ್ತಿರುವರೆಂಬುದನ್ನು ಹೇಳದೆ ಮನಸ್ಸಿನೊಳಗೆ ಇಣುಕಿ, ಯಾವುದು ಕಡಿಮೆಯಾಯಿತೆಂಬುದನ್ನೂ ಹೇಳದೆ ಕಳುಹಿಸುವ ಕ್ರಮವೇ ಕ್ಲಾಸುಗಳ ವ್ಯಾಪಾರಕ್ಕೆ ಗೊಬ್ಬರವಾಗಿರುವುದು. ಕತ್ತಲೆಯಲ್ಲಿ ನಿಂತವನು ಯಾರು ದೀಪ ಮಾರಿದರೂ ಕೊಳ್ಳುವನು.

ಅನುತ್ತೀರ್ಣತೆಯ ಸಂಕಟವೂ ಇಲ್ಲಿ ಬೇರೆ ಬಗೆಯದು. ಗಣಿತದಲ್ಲಿ ತಪ್ಪಿದವನು ಗಣಿತ ಬಾರದೆಂದು ಸಮಾಧಾನ ತಂದುಕೊಳ್ಳುವನು. ಓಟದಲ್ಲಿ ಹಿಂದೆ ಬಿದ್ದವನು ಕಾಲನ್ನು ದೂರುವನು. ಐದು ದಿನ ತನ್ನನ್ನೇ ಇಡಿಯಾಗಿ ನೋಡಿಸಿಕೊಂಡು ಬೇಡವೆನ್ನಿಸಿಕೊಂಡವನಿಗೆ ದೂರಲು ಏನೂ ಉಳಿಯದು. ಕೊನೆಯ ದಿನ ಆಯ್ಕೆಯಾದ ಕೆಲವರ ಅಂಕಿಗಳನ್ನು ಓದಿ, ಉಳಿದವರನ್ನು ರೈಲು ನಿಲ್ದಾಣಕ್ಕೆ ಕಳುಹಿಸುವರು. ಹಾಗೆ ಹೋಗುವವರೇ ಯಾವಾಗಲೂ ಹೆಚ್ಚು. ಇಲ್ಲಿ ಎರಡು ಬಗೆಯ ಹುಡುಗರ ನಡುವಣ ಅಂತರ ಕಾಣುವುದು. ತನ್ನ ಮಾತನ್ನೇ ಆಡಿ ಸೋತವನು ಸೋತುದು ತಾನೆಂದು ಬಲ್ಲನು. ಅದು ನೋವು, ಆದರೆ ಗಟ್ಟಿಯಾದ ನೋವು, ಅದರ ಮೇಲೆ ನಿಲ್ಲಬಹುದು. ಕಲಿಸಿದ ಮಾತನ್ನು ಆಡಿ ಸೋತವನಿಗೆ ಸೋತವನಾರೆಂಬುದೇ ತಿಳಿಯದು: ತಾನೋ, ಕ್ಲಾಸಿನ ಗುರುವೋ, ಆ ಕೆರೆ ತೋಡಿಸಿದ ಮಹಾತ್ಮನೋ? ಕಲಿಸಿದ ಮಾತಿನಿಂದ ಗೆದ್ದವನ ಪಾಡು ಇನ್ನೂ ವಿಚಿತ್ರ. ಗೆದ್ದವನು ತಾನಲ್ಲವೆಂಬ ಗುಟ್ಟನ್ನು ಅವನು ಭುಜದ ಮೇಲಿನ ನಕ್ಷತ್ರಗಳೊಡನೆ ಹೊತ್ತು ತಿರುಗಬೇಕು. ಅಂತಹವರು ಕೆಲವೊಮ್ಮೆ ಗೆಲ್ಲುವರೆಂಬುದನ್ನೂ, ನಿಜವಾದ ಯೋಗ್ಯತೆಯುಳ್ಳ ಕೆಲವರು ತಪ್ಪಿಹೋಗುವರೆಂಬುದನ್ನೂ ಮರೆಮಾಚುವುದು ಸರಿಯಲ್ಲ. ಮನುಷ್ಯರು ಮನುಷ್ಯರನ್ನು ಐದು ದಿನ ನೋಡಿ ಕೊಡುವ ತೀರ್ಪು ಅದು; ಚಿತ್ರಗುಪ್ತನ ಕಡತವಲ್ಲ. ಮಂಡಳಿಯವರೂ ಹಾಗೆಂದು ಹೇಳಿಕೊಳ್ಳುವುದಿಲ್ಲ. ಒಮ್ಮೆ ಬೇಡವೆಂದವನಿಗೆ ಇನ್ನೊಮ್ಮೆ ಬರಲು ಬಾಗಿಲನ್ನು ತೆರೆದೇ ಇಟ್ಟಿರುವರು. ಎರಡನೆಯ, ಮೂರನೆಯ ಪ್ರಯತ್ನದಲ್ಲಿ ಆಯ್ಕೆಯಾಗಿ ಅಧಿಕಾರಿಗಳಾದವರು ಅನೇಕರು.

ಆ ಹುಡುಗನು ಹೀಗೆ ಮರಳಿ ಬಂದನೆಂದೇ ಇಟ್ಟುಕೊಳ್ಳೋಣ. ರಾತ್ರಿಯ ಬಸ್ಸು ಅವನನ್ನು ನಸುಕಿನಲ್ಲಿ ಹೆದ್ದಾರಿಯ ಮಗ್ಗುಲಲ್ಲಿ ಇಳಿಸಿ ನಾಕೆಯ ಕಡೆಗೆ ಸಾಗುವುದು. ಮಾವನು ಫೋನಿನಲ್ಲಿ ಲೆಕ್ಕ ಕೇಳುವನು. ನೆರೆಯವರು ಅಂಗಳದಲ್ಲಿ ಕಾದಿರುವರು. ಅಜ್ಜನು ಕಟ್ಟೆಯ ಮೇಲೆ ಕುಳಿತು, ಚಿತ್ತಾದ ಮಲ್ಲನನ್ನು ಮಣ್ಣು ಒರೆಸುವ ಮೊದಲು ಮಾತನಾಡಿಸಬಾರದೆಂಬ ಅಖಾಡದ ಮರ್ಯಾದೆಯನ್ನು ಪಾಲಿಸುವನು. ತಾಯಿ ಬಿಸಿನೀರು ಕಾಯಿಸಿಡುವಳು, ವಖಾರಿಗೆ ಹೊತ್ತಾಗಿದೆ. ಹೊರಡುವಾಗ ಆಕೆ ಕೇಳುವುದು ಒಂದೇ ಮಾತು:

“ನಾ ಏನ್ ಕೆಲಸಾ ಮಾಡ್ತೀನಂತ ಕೇಳಿದ್ರೇನ?”

“ಕೇಳಿದ್ರು. ಹೇಳಿನಿ.”

ಮರುದಿನ ಬೆಳಿಗ್ಗೆ ಐದಕ್ಕೆ ಅವನು ಬೂಟಿನ ದಾರವನ್ನು ಬಿಗಿಯುತ್ತಿದ್ದರೆ, ಮನೆಯವರು ಎಚ್ಚರವಾಗಿದ್ದರೂ ಮಲಗಿಯೇ ಇರುವುದು ಲೇಸು.